ಹಳದಿ ಚುಕ್ಕೆಯ ಗ್ಯಾಸ್ಕೆಟ್

ಅನುಮಾನ ಪಡುವುದಕ್ಕೇ ಸಂಬಳ ಕೊಡುವ ಕೆಲಸಗಳು ಲೋಕದಲ್ಲಿ ಎರಡೋ ಮೂರೋ ಇರಬಹುದು. ಅದರಲ್ಲಿ ಒಂದನ್ನು ನಾನು ಚೆನ್ನೈನಲ್ಲಿ ಮೂವತ್ತು ವರ್ಷ ಮಾಡಿದೆ. ವಾಹನ ವಿಮೆಯ ಸರ್ವೇಯರ್ ಕೆಲಸ. ಜಜ್ಜಿಹೋದ ಕಾರಿನ ಸುತ್ತ ಎರಡು ಸುತ್ತು ಹಾಕಿ, ಇದು ತಾನಾಗಿ ಗುದ್ದಿಕೊಂಡದ್ದೋ ಯಾರಾದರೂ ಬೇಕೆಂದೇ ಗುದ್ದಿಸಿದ್ದೋ ಎಂದು ಬರೆದುಕೊಡಬೇಕು. ನಿವೃತ್ತಿಯ ದಿನ ಆಫೀಸಿನವರು ಹೊದಿಸಿದ ಶಾಲನ್ನು ಕೂಡ, ಹೋದ ತಿಂಗಳು ನಿವೃತ್ತಿಯಾದವರಿಗೆ ಹೊದಿಸಿದ್ದೇ ಇರಬಹುದೇ ಎಂದು ಅಂಚು ತಿರುಗಿಸಿ ನೋಡಿದವನು ನಾನು. ಕೆಲಸ ಹೋಯಿತು, ಚಾಳಿ ಹೋಗಲಿಲ್ಲ. ಇಂಥವನಿಗಲ್ಲದೆ ಇಂಥ ಪ್ರಸಂಗಗಳು ಇನ್ಯಾರಿಗೆ ಆಗಬೇಕು? ಆಗುತ್ತಲೇ ಇರುತ್ತವೆ.

ಛತ್ರಿ

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮುರಿದ ಬಂಪರ್ ನನಗೆ ಮೂರು ಸಲ ಟೋಪಿ ಹಾಕಿತು. ಕಾರು ಬೇರೆ ಬೇರೆ, ಗ್ಯಾರೇಜು ಬೇರೆ ಬೇರೆ, ಬಂಪರ್ ಮಾತ್ರ ಒಂದೇ. ಮೂರನೇ ಸಲ ಅದರ ಮೂಲೆಯಲ್ಲಿದ್ದ ನಿಂಬೆಹಣ್ಣಿನ ಸ್ಟಿಕ್ಕರ್ ನೋಡಿ, ಈ ನಿಂಬೆಹಣ್ಣನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿ ಗುಟ್ಟು ಬಯಲಾಯಿತು. ನಮ್ಮ ಮೇಲಧಿಕಾರಿ ನನ್ನ ಕೈಗೆ ಹಳದಿ ಪೇಂಟಿನ ಒಂದು ಪುಟ್ಟ ಸೀಸೆ ಕೊಟ್ಟು, "ಬದಲಾಯಿಸಬೇಕು ಅಂತ ಬರೆದ ಪ್ರತಿ ಸಾಮಾನಿನ ಮೇಲೂ ಒಂದು ಚುಕ್ಕೆ ಇಟ್ಟು ಬನ್ನಿ. ಚುಕ್ಕೆ ಬಿದ್ದದ್ದು ಗುಜರಿಗೆ. ಮತ್ತೆ ಯಾವ ಗಾಡಿಗೂ ಅದು ಏರಬಾರದು" ಎಂದರು.

ಅಂದಿನಿಂದ ಉತ್ತರ ಚೆನ್ನೈನ ಗ್ಯಾರೇಜುಗಳಲ್ಲಿ ನನಗಿಂತ ನನ್ನ ಚುಕ್ಕೆಗೆ ಹೆಚ್ಚು ಮರ್ಯಾದೆ. ಅದನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದವನು ತಿರುವೊತ್ತಿಯೂರಿನ ಒಬ್ಬ ಮೆಕ್ಯಾನಿಕ್. ಹೊಸೂರು ಕಡೆಯವನು, ಅರ್ಧ ಕನ್ನಡ ಅರ್ಧ ತಮಿಳು ಸೇರಿಸಿ ಮಾತಾಡುತ್ತಾನೆ. ಒಂದು ಮಧ್ಯಾಹ್ನ ಅವನ ಶೆಡ್ಡಿನಲ್ಲಿ ಲಾರಿಯ ಬಾಗಿಲಿಗೆ ಚುಕ್ಕೆ ಇಡುವಾಗ ಬ್ರಷ್ಷಿನಿಂದ ಒಂದು ಹನಿ ಜಾರಿ ನನ್ನ ಛತ್ರಿಯ ಹಿಡಿಯ ಮೇಲೆ ಬಿತ್ತು. ನಾನು ಗಮನಿಸಲಿಲ್ಲ. ಟೀ ಕುಡಿದು ಬರುವಷ್ಟರಲ್ಲಿ ಛತ್ರಿ ಮಾಯ. ಹೊಸ ಛತ್ರಿ ಅದು. ಯಾರೋ ಹೊಡೆದುಕೊಂಡು ಹೋದರು ಎಂದು ಶೆಡ್ಡಿನಲ್ಲಿದ್ದವರ ಮುಖವನ್ನೆಲ್ಲ ಒಂದೊಂದಾಗಿ ನೋಡತೊಡಗಿದೆ.

"ಏನ್ ಹುಡುಕ್ತಿದೀರ ಸಾರ್?" ಎಂದ ಮೆಕ್ಯಾನಿಕ್.

"ನನ್ನ ಛತ್ರಿ ಎಲ್ಲಯ್ಯಾ?"

"ಗುಜರಿ ಗಾಡಿ ಬಂದಿತ್ತಲ್ಲ ಸಾರ್, ಅದ್ರಲ್ಲಿ ಹಾಕ್ಬಿಟ್ಟೆ. ನೀವು ಚುಕ್ಕೆ ಇಟ್ಟಿದ್ರಿ."

"ಛತ್ರಿಗೆ ಯಾರಾದ್ರೂ ಚುಕ್ಕೆ ಇಡ್ತಾರೇನಯ್ಯಾ?"

"ನಂಗೂ ಹಾಗೇ ಅನ್ನಿಸ್ತು ಸಾರ್. ಆದ್ರೆ ನಿಮ್ಮನ್ನ ಕೇಳೋ ಧೈರ್ಯ ಯಾರಿಗಿದೆ?"

ಕಾಲು ಯಾರದು

ನಮ್ಮ ಮನೆಯ ಕಾರು ನನ್ನದಲ್ಲ, ನನ್ನ ಹೆಂಡತಿಯದು. ರೈಲ್ವೆ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಾಗ ಅವಳು ತನ್ನ ದುಡಿಮೆಯಲ್ಲೇ ಕೊಂಡದ್ದು. ಐವತ್ತು ದಾಟಿದ ಮೇಲೆ ಓಡಿಸುವುದನ್ನು ಕಲಿತಳು. ಎಣ್ಣೂರು ರಸ್ತೆಯಲ್ಲಿ ಕಂಟೇನರ್ ಲಾರಿಗಳ ಮಧ್ಯೆ ಅವಳು ನುಗ್ಗುವುದನ್ನು ನೋಡಿದರೆ ನಾನು ಈಗಲೂ ಪಕ್ಕದ ಸೀಟಿನಲ್ಲಿ ಇಲ್ಲದ ಬ್ರೇಕು ತುಳಿಯುತ್ತೇನೆ. ನಾವಿರುವುದು ಸಮುದ್ರದ ಹತ್ತಿರ. ಉಪ್ಪುಗಾಳಿಗೆ ಕಾರಿನಲ್ಲಿ ಮೊದಲು ಹೋಗುವುದು ಸೈಲೆನ್ಸರ್.

ಎರಡು ವರ್ಷದ ಹಿಂದೆ ಸೈಲೆನ್ಸರ್ ತುಕ್ಕು ಹಿಡಿದು ತೂತಾದಾಗ ಅದೇ ಮೆಕ್ಯಾನಿಕ್ ಹೊಸದು ಹಾಕಿದ. ಇಂಜಿನ್ ಕಡೆಯಿಂದ ಹೊಗೆ ಬರುವ ಕೊಳವೆಗೂ ಸೈಲೆನ್ಸರಿನ ಕೊಳವೆಗೂ ನಡುವೆ, ಹೊಗೆ ಸಂದಿಯಿಂದ ಸೋರದಂತೆ ಒಂದು ತೆಳು ಬಿಲ್ಲೆ ಇರುತ್ತದೆ. ಅದೇ ಗ್ಯಾಸ್ಕೆಟ್. ಎರಡು ಬೋಲ್ಟ್ ಹೋಗಲು ಎರಡು ಕಡೆ ಕಿವಿ ಇರುತ್ತದೆ. ಇದು ಹಳೆಯದನ್ನೇ ಮತ್ತೆ ಹಾಕುವುದಕ್ಕೆ ಹೇಳಿ ಮಾಡಿಸಿದ ಸಾಮಾನು ಎಂಬುದು ನನ್ನ ಮೂವತ್ತು ವರ್ಷದ ಅನುಮಾನ. ಬಿಲ್ಲಿನಲ್ಲಿ ಹೊಸದು ಎಂದು ಬರೆದರೆ ಒಳಗೆ ನುಗ್ಗಿ ನೋಡುವವರು ಯಾರು?

ಅದಕ್ಕೇ ನನ್ನದೊಂದು ಷರತ್ತಿದೆ. ಬಿಚ್ಚಿದ ಹಳೇ ಸಾಮಾನನ್ನೆಲ್ಲ ಚೀಲದಲ್ಲಿ ಹಾಕಿ ನನಗೆ ವಾಪಸ್ ಕೊಡಬೇಕು. ಮೆಕ್ಯಾನಿಕ್ ಕೊಟ್ಟ. ಮನೆಗೆ ಬಂದ ಮೇಲೆ ಇನ್ನೊಂದು ಅನುಮಾನ ಹುಟ್ಟಿತು. ಹಳೇ ಗ್ಯಾಸ್ಕೆಟ್ ಸರಿ, ಆದರೆ ಇದು ನಮ್ಮ ಕಾರಿನದೇ ಎಂಬುದಕ್ಕೆ ಏನು ಸಾಕ್ಷಿ? ಬೇರೆ ಯಾವುದೋ ಕಾರಿನದು ಚೀಲಕ್ಕೆ ಹಾಕಿರಬಾರದೇಕೆ?

ಊಟವಾಗಿ ಎಲ್ಲರೂ ಮಲಗಿದ್ದ ಹೊತ್ತಿನಲ್ಲಿ, ಹೆಂಡತಿಯ ಹತ್ತಿರ ಕೇಳಿ ತೆಗೆದಿಟ್ಟುಕೊಂಡಿದ್ದ ಒಂದು ದಾರ ಹಿಡಿದು ಕೆಳಗಿಳಿದೆ. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕಾರಿನ ಕೆಳಗೆ ಮಲಗಿ, ಹಳೇ ಗ್ಯಾಸ್ಕೆಟ್ಟಿನ ತೂತುಗಳ ಅಂತರಕ್ಕೆ ಹೊಂದುತ್ತದೆಯೇ ಎಂದು ಬೋಲ್ಟಿನಿಂದ ಬೋಲ್ಟಿಗೆ ದಾರ ಹಿಡಿದು ಅಳೆಯುತ್ತಿದ್ದೆ. ಯಾರೋ ನನ್ನ ಎರಡೂ ಕಾಲನ್ನು ಬಿಗಿಯಾಗಿ ಹಿಡಿದರು.

"ಯಾರ್ ಡಾ ಅದು! ವೆಳಿಯೆ ವಾಡಾ!" ಹೊರಗೆ ಬಾರೋ ಎಂದು ಅಬ್ಬರಿಸುತ್ತಿದ್ದವನು ನಮ್ಮದೇ ವಾಚ್‌ಮನ್. ಆ ತಿಂಗಳು ಪಕ್ಕದ ಬೀದಿಯಲ್ಲಿ ಎರಡು ಕಾರಿನ ಸೈಲೆನ್ಸರ್ ಕಳುವಾಗಿತ್ತು. ನಾನು ಒಳಗಿನಿಂದಲೇ ನನ್ನ ಫ್ಲ್ಯಾಟ್ ನಂಬರ್ ಕೂಗಿ ಹೇಳಿದೆ. ಎಲ್ಲ ಕಳ್ಳರೂ ಹೀಗೇ ಹೇಳುವುದು ಎಂದ ಅವನು. ಸದ್ದಿಗೆ ನನ್ನ ಹೆಂಡತಿ ಎರಡನೇ ಮಹಡಿಯ ಬಾಲ್ಕನಿಗೆ ಬಂದಳು. ವಾಚ್‌ಮನ್ ನನ್ನ ಕಾಲನ್ನು ಅಷ್ಟೆತ್ತರಕ್ಕೆ ಎತ್ತಿ ತೋರಿಸಿ, ಈ ಕಾಲು ನಿಮ್ಮ ಮನೆಯವರದಾ ಎಂದು ತಮಿಳಿನಲ್ಲಿ ಕೇಳಿದ.

ಅವಳು ಕನ್ನಡಕ ಹಾಕಿಕೊಂಡು ಬಗ್ಗಿ ನಿಧಾನವಾಗಿ ನೋಡಿದಳು. "ಕಾಲು ಅವರದ್ದೇ ಇರೋ ಹಾಗಿದೆ. ಆದ್ರೂ ಯಾವುದಕ್ಕೂ ದಾರ ಹಿಡಿದು ಒಂದ್ಸಲ ಅಳೆದುಬಿಡಿ" ಎಂದಳು.

ಸದ್ದಿಲ್ಲದ ವ್ಯಾನು

ಗ್ಯಾಸ್ಕೆಟ್ ಹಳೆಯದೇ ಇರಲಿ ಎಂದು ಹಟ ಹಿಡಿದವರನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ. ನಮ್ಮ ಮನೆಯ ಹತ್ತಿರ ಉಡುಪಿ ಕಡೆಯವರ ಒಂದು ಹೋಟೆಲಿದೆ. ಅವರ ವ್ಯಾನು ದಿನಾ ಬೆಳಗಿನ ಜಾವ ಕೋಯಂಬೇಡು ಮಾರ್ಕೆಟ್ಟಿನಿಂದ ತರಕಾರಿ ತರುತ್ತದೆ. ಅದರ ಗ್ಯಾಸ್ಕೆಟ್ ಯಾವ ಕಾಲದ್ದೋ. ಡ್ರೈವರು ಎಣ್ಣೆ ಡಬ್ಬದ ತಗಡು ಕತ್ತರಿಸಿ ತಾನೇ ಮಾಡಿಕೊಂಡದ್ದು. ಬೀದಿಗೆ ತಿರುಗುವ ಮೊದಲೇ ಪಟಪಟ ಸದ್ದು ಊರಿಗೆಲ್ಲ ಕೇಳುತ್ತಿತ್ತು.

ನನಗೆ ನಿದ್ದೆಗೆಡುತ್ತಿದ್ದದ್ದರಿಂದ ನಾನೇ ಹೋಟೆಲ್ ಧಣಿಗಳಿಗೆ ಹೇಳಿ, ನಮ್ಮ ಮೆಕ್ಯಾನಿಕ್ ಹತ್ತಿರ ಹೊಸ ಗ್ಯಾಸ್ಕೆಟ್ ಹಾಕಿಸಿದೆ. ನಾನೇ ಎದುರಿಗೆ ಕೂತು ನೋಡಿದೆ. ಮಾರನೇ ದಿನ ವ್ಯಾನು ಬಂದದ್ದೇ ಗೊತ್ತಾಗಲಿಲ್ಲ. ಸುಖವಾಗಿ ಮಲಗಿ ಎದ್ದು, ಇಡ್ಲಿ ತಿನ್ನೋಣವೆಂದು ಹೋದರೆ ಹೋಟೆಲಿನಲ್ಲಿ ಗಲಾಟೆ. ಹತ್ತಾರು ಜನ ಇಡ್ಲಿ ಮುಂದೆ ಇಟ್ಟುಕೊಂಡು ಕೂತಿದ್ದಾರೆ, ಸಾಂಬಾರ್ ಇಲ್ಲ.

ಧಣಿ ಅಡಿಗೆ ಭಟ್ಟರನ್ನು ಬಯ್ಯುತ್ತಿದ್ದರು. ಭಟ್ಟರು ಅಳುವುದೊಂದು ಬಾಕಿ. "ನಾನು ಎಂತ ಮಾಡುದು ಮಾರಾಯ್ರೆ? ದಿನಾ ಗಾಡಿ ಸದ್ದು ಕೇಳಿದ ಮೇಲೆ ಅಲ್ವಾ ನಾನು ಬೇಳೆ ಇಡುದು? ಇವತ್ತು ಸದ್ದೇ ಇಲ್ಲ. ಗಾಡಿ ಬರ್ಲಿಲ್ಲ ಅಂತ ಕಾಯ್ತಾ ಕೂತೆ. ಅದು ನೋಡಿದ್ರೆ ಹಿಂದುಗಡೆ ತರಕಾರಿ ಇಳಿಸಿ ಹೋಗಿಯೇ ಆಗಿದೆ!"

ಧಣಿ ನನ್ನ ಕಡೆ ತಿರುಗಿದರು. "ನಿಮ್ಮ ಮೆಕ್ಯಾನಿಕ್ ಹತ್ರ ಆ ಹಳೆ ತಗಡು ಇನ್ನೂ ಇದೆಯಾ ಕೇಳಿ ಸಾರ್. ನಾಳೆ ಬೆಳಗಾಗುವುದರೊಳಗೆ ಅದನ್ನೇ ಹಾಕಿ ಕೊಡ್ಲಿ."

ಊದುಬತ್ತಿ

ಈ ವರ್ಷ ನಮ್ಮ ಕಾರಿಗೆ ಹದಿನೈದು ತುಂಬಿತು. ಹದಿನೈದು ತುಂಬಿದ ಕಾರನ್ನು ಆರ್‌ಟಿಓದಲ್ಲಿ ತೋರಿಸಿ ಎಫ್‌ಸಿ ಮಾಡಿಸಬೇಕು. ಎಫ್‌ಸಿ ಎಂದರೆ ಫಿಟ್‌ನೆಸ್ ಸರ್ಟಿಫಿಕೇಟು, ಗಾಡಿ ಓಡಲು ಯೋಗ್ಯ ಎಂಬ ಪತ್ರ. ಸದ್ದು, ಹೊಗೆ ಎಲ್ಲ ಸರಿಯಿದ್ದರೆ ಇನ್ನೈದು ವರ್ಷ ಓಡಿಸಬಹುದು. ಇಲ್ಲದಿದ್ದರೆ ರಸ್ತೆಗಿಳಿಸುವ ಹಾಗಿಲ್ಲ. ಆ ದಿನಾಂಕ ಹತ್ತಿರ ಬಂದಾಗಲೇ ಕಾರು ಬಾನೆಟ್ಟಿನೊಳಗಿಂದ ಪಟಪಟ ಅನ್ನತೊಡಗಿತು. ಹತ್ತು ನಿಮಿಷ ಓಡಿಸಿದರೆ ತಲೆನೋವು ಎನ್ನುತ್ತಿದ್ದಳು ಹೆಂಡತಿ.

"ಈ ಕಾರು ಹೋದ್ರೆ ನಾನು ಇನ್ನೊಂದು ಕೊಳ್ಳಲ್ಲ ಕಣ್ರೀ. ಈ ವಯಸ್ಸಲ್ಲಿ ಹೊಸ ಕಾರಿನ ಜತೆ ಗುದ್ದಾಡೋಕೆ ಆಗಲ್ಲ. ನನ್ನ ಡ್ರೈವಿಂಗು ಅಲ್ಲಿಗೆ ಮುಗೀತು" ಎಂದಳು. ಹೇಳಿದ್ದು ಮೆಲ್ಲಗೇ. ಕಾರಿನ ಬೀಗದ ಕೈ ಬೆರಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿಯುವಾಗ ಅವಳ ಮುಖದಲ್ಲಿ ಬರುವ ಗೆಲುವನ್ನು ಹದಿನೈದು ವರ್ಷ ದಿನಾ ನೋಡಿದವನು ನಾನು.

ಸೋರುವುದು ಎಲ್ಲಿ ಎಂದು ನಾನೇ ಪತ್ತೆ ಮಾಡಲು ಹೊರಟೆ. ಮೆಕ್ಯಾನಿಕ್ ಹೇಳಿದ ಮೇಲೆ ನಂಬುವುದಕ್ಕಿಂತ ಹೇಳುವ ಮೊದಲೇ ತಿಳಿದಿರುವುದು ಮೇಲಲ್ಲವೇ? ಉಪಾಯವೇನೋ ಸುಲಭ. ಇಂಜಿನ್ ಶುರು ಮಾಡಿ, ಊದುಬತ್ತಿ ಹಚ್ಚಿ ಕೊಳವೆಯ ಸಂದಿಯ ಹತ್ತಿರ ಹಿಡಿಯುವುದು. ಸೋರುವ ಕಡೆ ಊದುಬತ್ತಿಯ ಹೊಗೆ ಚದುರುತ್ತದೆ. ಬೀದಿಯಲ್ಲಿ ಬಾನೆಟ್ ಎತ್ತಿ, ಎರಡು ಊದುಬತ್ತಿ ಹಿಡಿದು, ಬಗ್ಗಿ, ಕಣ್ಣು ಕಿರಿದು ಮಾಡಿ ಕೊಳವೆಯ ಸುತ್ತ ನಿಧಾನವಾಗಿ ಸುತ್ತಿಸಿದೆ.

ತಲೆ ಎತ್ತಿದರೆ ಹಿಂದೆ ಐದಾರು ಜನ ಕೈ ಮುಗಿದುಕೊಂಡು ನಿಂತಿದ್ದಾರೆ. ಹೂ ಮಾರುವಾಕೆ ಒಂದು ಮೊಳ ಹೂ ತಂದು ಕನ್ನಡಿಗೆ ಸುತ್ತಿಯೇಬಿಟ್ಟಳು. ಯಾರೋ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಒಬ್ಬ ಮುದುಕರು ನನ್ನ ಕೈ ಹಿಡಿದು, "ಪುದು ವಂಡಿಯಾ ತಂಬಿ?" ಎಂದು ಹೊಸ ಗಾಡಿಯ ಕುಶಲ ವಿಚಾರಿಸಿದರು. ಹದಿನೈದು ವರ್ಷದ್ದು ಎಂದೆ. ಅವರು ಬಾನೆಟ್ಟಿನೊಳಗೆ ಕಿವಿಯಿಟ್ಟು ಆ ಪಟಪಟ ಕೇಳಿಸಿಕೊಂಡರು. ಆಮೇಲೆ ತಮ್ಮ ಜೇಬಿನಿಂದಲೇ ಒಂದು ಕರ್ಪೂರ ತೆಗೆದು ನನ್ನ ಕೈಗಿಟ್ಟು, ಇದಕ್ಕೆ ಊದುಬತ್ತಿ ಸಾಲದು ಎಂದು ಹೇಳಿ ಹೋದರು.

ಚುಕ್ಕೆ

ಸೋರುತ್ತಿದ್ದದ್ದು ಗ್ಯಾಸ್ಕೆಟ್ಟಿನ ಹತ್ತಿರವೇ. ಬೋಲ್ಟ್ ಒಂದು ಸಡಿಲವಾಗಿ, ಬಿಲ್ಲೆಯ ಅಂಚು ಸುಟ್ಟಿತ್ತು. ಮೆಕ್ಯಾನಿಕ್‌ಗೆ ಫೋನ್ ಮಾಡಿ, "ಅದನ್ನೇ ಒರಸಿ ಹಾಕ್ತೀಯೋ, ಹೊಸದು ಹಾಕ್ತೀಯೋ?" ಎಂದು ಕೇಳಿದೆ. ಅದು ಪ್ರಶ್ನೆಯಲ್ಲ, ಪರೀಕ್ಷೆ.

"ಒಂದ್ಸಲ ಅಮುಕಿದ್ದು ಇನ್ನೊಂದ್ಸಲ ಅಷ್ಟು ಅಮುಕಲ್ಲ ಸಾರ್. ಬಿಚ್ಚಿದ್ರೆ ಹೊಸದೇ ಹಾಕೋದು. ಕಂಡಿಪ್ಪಾ, ಖಂಡಿತ."

ಉತ್ತರ ಸರಿಯಾಗಿಯೇ ಇತ್ತು. ಇಷ್ಟು ಸರಿಯಾದ ಉತ್ತರ ಇಷ್ಟು ಬೇಗ ಹೇಗೆ ಬಂತು ಎಂದು ಅನುಮಾನವಾಯಿತು. "ಗ್ಯಾಸ್ಕೆಟ್ ನಾನೇ ತಂದುಕೊಡ್ತೀನಿ. ನೀನು ಹಾಕೋವಾಗ ನಾನು ಎದುರಿಗೇ ಇರ್ತೀನಿ" ಎಂದೆ.

"ಸಾರ್, ತಪ್ಪು ತಿಳೀಬೇಡಿ. ನೀವು ಎದುರಿಗೆ ಕೂತ್ರೆ ನನ್ನ ಕೈ ಓಡಲ್ಲ. ಗಾಡಿ ಅಮ್ಮನ ಕೈಲಿ ಕಳ್ಸಿ. ಸಾಮಾನು ನೀವೇ ಕೊಡಿ, ಸಂತೋಷ. ಆದ್ರೆ ನೀವು ಬರ್ಬೇಡಿ. ಬಂದ್ರೆ ನಾನು ಈ ಗಾಡಿ ಮುಟ್ಟಲ್ಲ."

ಹೆಂಡತಿಗೆ ಹೇಳಿದಾಗ ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. "ಅವನು ಹೇಳಿದ್ದರಲ್ಲಿ ತಪ್ಪೇನಿದೆ? ಇಪ್ಪತ್ತೈದು ವರ್ಷದ ಪರಿಚಯ. ಒಂದು ಸಲವಾದ್ರೂ ಅವನ ಮೋಸ ಹಿಡಿದಿದ್ದೀರಾ?"

"ಹಿಡಿದಿಲ್ಲ. ಅಷ್ಟು ಜಾಣ."

"ಕುಕ್ಕರಿನ ಗ್ಯಾಸ್ಕೆಟ್ ಜಗ್ಗಿದ್ರೆ ಅದನ್ನ ಫ್ರೀಜರಿನಲ್ಲಿಟ್ಟು ಮತ್ತೆ ಮತ್ತೆ ಹಾಕೋರು ಯಾರು? ಈ ಮನೇಲಿ ಹಳೇ ಗ್ಯಾಸ್ಕೆಟ್ ಹಾಕೋ ಕಳ್ಳ ಯಾರಾದ್ರೂ ಇದ್ರೆ ಅದು ನೀವೇ" ಎಂದಳು.

ಪುದುಪೇಟೆಯ ಬಿಡಿಭಾಗದ ಅಂಗಡಿಗಳಲ್ಲಿ ಅರ್ಧ ದಿನ ಸುತ್ತಿ, ಒಂದೊಂದು ಗ್ಯಾಸ್ಕೆಟ್ಟನ್ನೂ ಬೆಳಕಿಗೆ ಹಿಡಿದು ನೋಡಿ, ಒಳ್ಳೆಯದೊಂದು ಕೊಂಡು ತಂದೆ. ಆದರೆ ಎದುರಿಗೆ ನಾನಿರುವುದಿಲ್ಲ. ಮೆಕ್ಯಾನಿಕ್ ಇದನ್ನು ಎತ್ತಿಟ್ಟುಕೊಂಡು ಹಳೆಯದನ್ನೇ ಹಾಕಿದರೆ? ಅಥವಾ ಕಳಪೆಯದು ಹಾಕಿದರೆ? ಇದಕ್ಕೊಂದು ಗುರುತು ಬೇಡವೇ? ಬೀರು ತೆಗೆದೆ. ಮೂವತ್ತು ವರ್ಷದ ಸಂಗಾತಿ, ಹಳದಿ ಪೇಂಟಿನ ಸೀಸೆ, ಅಲ್ಲೇ ಕೂತಿತ್ತು. ಹೊಸ ಗ್ಯಾಸ್ಕೆಟ್ಟಿನ ಕಿವಿಯ ಮೇಲೆ ಅಂದವಾಗಿ ಒಂದು ಚುಕ್ಕೆ ಇಟ್ಟೆ. ಆರಿದ ಮೇಲೆ ಪೊಟ್ಟಣ ಕಟ್ಟಿ ಹೆಂಡತಿಯ ಕೈಗೆ ಕೊಟ್ಟೆ. ಚುಕ್ಕೆಯ ವಿಷಯ ಅವಳಿಗೂ ಹೇಳಲಿಲ್ಲ. ಹೇಳಿದರೆ ಗುಟ್ಟು ಎಲ್ಲಿ ಉಳಿಯುತ್ತದೆ?

ಸಂಜೆ ಕಾರು ಬಂತು. ಪಟಪಟ ಕಡಿಮೆಯಾಗಿತ್ತು, ನಿಂತಿರಲಿಲ್ಲ. "ಏನೋ ಮಾತಾಡಬೇಕಂತೆ, ನಾಳೆ ಬೆಳಿಗ್ಗೆ ಬರಬೇಕಂತೆ ನೀವು" ಎಂದು ಹೆಂಡತಿ ಹಳೇ ಸಾಮಾನಿನ ಚೀಲ ಕೊಟ್ಟಳು. ಬರಬೇಡಿ ಎಂದವನು ಈಗ ಬನ್ನಿ ಅನ್ನುತ್ತಾನೆ ಎಂದರೆ ಏನೋ ಇದೆ ಎಂದುಕೊಳ್ಳುತ್ತಲೇ ಚೀಲವನ್ನು ಟೇಬಲ್ಲಿನ ಮೇಲೆ ಸುರಿದೆ.

ಎರಡು ತುಕ್ಕು ಹಿಡಿದ ಬೋಲ್ಟು. ಅದರ ಜತೆ ಫಳಫಳ ಹೊಳೆಯುವ ಹೊಸ ಗ್ಯಾಸ್ಕೆಟ್. ಕಿವಿಯ ಮೇಲೆ ನನ್ನ ಹಳದಿ ಚುಕ್ಕೆ.

ಸಿಕ್ಕಿಬಿದ್ದ! ಮೂವತ್ತು ವರ್ಷದಲ್ಲಿ ಇಷ್ಟು ಚೊಕ್ಕವಾದ ಸಾಕ್ಷಿ ನನ್ನ ಕೈಗೆ ಬಂದಿರಲಿಲ್ಲ. ಸುಳ್ಳೇಕೆ ಹೇಳಲಿ, ಮೊದಲು ಆದದ್ದು ಸಿಟ್ಟಲ್ಲ, ಖುಷಿ. ಹೆಂಡತಿಗೆ ತೋರಿಸಿದೆ. ಅವಳ ಮುಖ ಬಿದ್ದುಹೋಯಿತು. "ಅವನು ಹೀಗೆ ಮಾಡಿದ್ನಾ?" ಎಂದವಳು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಎಫ್‌ಸಿಗೆ ಇನ್ನೆರಡೇ ದಿನ ಇತ್ತು.

ಬೆಳಿಗ್ಗೆ ಇಬ್ಬರೂ ಹೋದೆವು. ಸಾಕ್ಷಿಗೆ ಸಾಕ್ಷಿ ಇರಲಿ ಎಂದು ಪೇಂಟಿನ ಸೀಸೆಯನ್ನೂ ಶರ್ಟಿನ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಶೆಡ್ಡಿನಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಇರಲಿ, ಎಲ್ಲರೂ ನೋಡಲಿ ಎಂದುಕೊಂಡು ಗ್ಯಾಸ್ಕೆಟ್ಟನ್ನು ಅವನ ಮುಂದೆ ಟಣ್ ಎಂದು ಹಾಕಿದೆ.

"ಇದು ಹೊಸದಾ, ಹಳೇದಾ?"

"ಹೊಸದು ಸಾರ್."

"ಹೊಸದು ಚೀಲದಲ್ಲಿ ಹೇಗೆ ಬಂತು? ಕಾರಿಗೆ ಏನು ಹಾಕಿದೆ?"

"ಹಳೇದನ್ನೇ ಉಜ್ಜಿ, ಪೇಸ್ಟ್ ಹಚ್ಚಿ ಹಾಕಿದೀನಿ ಸಾರ್. ಅಮ್ಮ ಮನೆ ತನಕ ಓಡಿಸ್ಕೊಂಡು ಹೋಗ್ಬೇಕಲ್ಲ. ಅದನ್ನ ಹೇಳಕ್ಕೇ ನಿಮ್ಮನ್ನ ಬರಕ್ಕೆ ಹೇಳಿದ್ದು."

"ನೋಡಿದ್ರಾ, ಒಪ್ಪಿಕೊಂಡ!" ಎಂದು ನಾನು ಗಿರಾಕಿಗಳ ಕಡೆ ತಿರುಗಿದೆ.

ಮೆಕ್ಯಾನಿಕ್ ಅವಸರವಿಲ್ಲದೆ ಕೈ ಒರೆಸಿಕೊಂಡ. ಗ್ಯಾಸ್ಕೆಟ್ ಎತ್ತಿ ಅದರ ಕಿವಿಯನ್ನು ನನ್ನ ಕಡೆ ಹಿಡಿದ. "ಈ ಚುಕ್ಕೆ ಯಾರ್ದು ಸಾರ್?"

"ನಂದೇ. ನಾನೇ ಇಟ್ಟಿದ್ದು."

"ನಿಮ್ಮ ಚುಕ್ಕೆ ಇರೋ ಸಾಮಾನು, ಇಪ್ಪತ್ತೈದು ವರ್ಷದಲ್ಲಿ, ನಾನು ಒಂದಾದ್ರೂ ಗಾಡಿಗೆ ಹಾಕಿದೀನಾ? ಪೊಟ್ಟಣ ಬಿಚ್ಚಿ ನೋಡ್ದೆ. ಹೊಸ ಗ್ಯಾಸ್ಕೆಟ್, ಮೇಲೆ ಚುಕ್ಕೆ. ಸರಿ, ಸಾರ್ ಡೂಪ್ಲಿಕೇಟ್ ಅಂತ ಕಂಡುಹಿಡಿದು ತಳ್ಳಿದಾರೆ, ಅಮ್ಮ ಗೊತ್ತಿಲ್ದೆ ಎತ್ಕೊಂಡು ಬಂದಿದಾರೆ ಅಂದ್ಕೊಂಡೆ. ನಿಮಗೆ ನಾಲ್ಕು ಸಲ ಫೋನ್ ಮಾಡ್ದೆ. ಎತ್ತಲಿಲ್ಲ ನೀವು."

ಎತ್ತಿರಲಿಲ್ಲ. ನೆಪ ಹೇಳುವುದಕ್ಕೇ ಫೋನ್ ಮಾಡುತ್ತಿದ್ದಾನೆ ಎಂದು ಅನುಮಾನಪಟ್ಟಿದ್ದೆ.

"ಅಂಗಡಿಯಿಂದ ನಾನೇ ಒಂದು ತಂದು ಹಾಕೋಣ ಅಂದ್ರೆ, ನಾನು ತಂದಿದ್ದು ನೀವು ನಂಬಲ್ಲ. ನೀವು ತಳ್ಳಿದ್ದನ್ನ ನಾನು ಹಾಕಲ್ಲ. ಇನ್ನೇನ್ ಮಾಡ್ಲಿ ಸಾರ್? ಛತ್ರಿನೇ ಗುಜರಿಗೆ ಹಾಕ್ದೋನು ನಾನು."

ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ನನ್ನ ಮಾತನ್ನು ನಾನಿಲ್ಲದಾಗಲೂ ಅಕ್ಷರ ಬಿಡದೆ ನಡೆಸಿದ ಒಬ್ಬನೇ ಒಬ್ಬ ಮನುಷ್ಯ, ಅವನನ್ನೇ ನಾಲ್ಕು ಜನರ ಮುಂದೆ ಕಳ್ಳ ಮಾಡಲು ಹೊರಟಿದ್ದೆ. ನಿಜವಾಗಿ ನಾಚಿಕೆಯಾಯಿತು. "ತಪ್ಪಾಯ್ತಪ್ಪಾ" ಎಂದೆ. ಕೆಲಸಕ್ಕೆ ಸೇರಿದಾಗಿನಿಂದ ಯಾವ ಗ್ಯಾರೇಜಿನಲ್ಲೂ ಆಡದ ಮಾತು ಅದು.

ಅವನು ಕಾರಿನ ಕೆಳಗೆ ಹೋದ. ಹಳೆಯದು ಬಿಚ್ಚಿದ, ಮೈ ಉಜ್ಜಿದ, ಚುಕ್ಕೆಯ ಹೊಸದನ್ನು ಕೂರಿಸಿ ಬೋಲ್ಟ್ ಬಿಗಿದ. ನಾನು ಎದುರಿಗೆ ಕೂರಲಿಲ್ಲ, ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದೆ. ಹೆಂಡತಿ ಕಾರು ಶುರು ಮಾಡಿದಳು. ಸದ್ದೇ ಇಲ್ಲ. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ ನಕ್ಕಳು. ಮಾರನೇ ದಿನ ಎಫ್‌ಸಿಯಲ್ಲಿ ಕಾರು ಪಾಸಾಯಿತು. ಆದರೆ ನನ್ನ ಎಫ್‌ಸಿ ಆ ಶೆಡ್ಡಿನಲ್ಲೇ, ಆಗಲೇ ನಡೆದುಹೋಯಿತು.

ಅವಳು ಕಾರಿನಿಂದ ಇಳಿದು ಬಂದು, ನನ್ನ ಜೇಬಿನಿಂದ ಸೀಸೆ ತೆಗೆದು, ಮುಚ್ಚಳ ಬಿಚ್ಚಿ, ನನ್ನ ಶರ್ಟಿನ ತೋಳಿನ ಮೇಲೆ ದೊಡ್ಡದಾಗಿ ಒಂದು ಹಳದಿ ಚುಕ್ಕೆ ಇಟ್ಟಳು. ಮೆಕ್ಯಾನಿಕ್ ಆ ಚುಕ್ಕೆಯನ್ನೂ ನನ್ನನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿದ.

"ಏನಮ್ಮಾ, ಹೊಸದು ಹಾಕೋದಾ?"

"ಈ ಮಾಡೆಲ್ಲಿಗೆ ಹೊಸದು ಎಲ್ಲಿ ಸಿಗುತ್ತಪ್ಪಾ?" ಎಂದಳು ನನ್ನ ಹೆಂಡತಿ. "ಇದನ್ನೇ ಉಜ್ಜಿ, ಪೇಸ್ಟ್ ಹಚ್ಚಿ ಕೊಡು. ಮನೆ ತನಕ ಬಂದ್ರೆ ಸಾಕು."